35 ಡಿಗ್ರಿಯ ಯಂತ್ರ, 43 ಡಿಗ್ರಿಯ ಊರು



ಯುಗಾದಿ ಮುಗಿದು ಬಿಸಿಲು ಬಲಿಯುತ್ತಿದ್ದಂತೆ ನನಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ಈಗ ಖಾಯಂ ಆಗಿಬಿಟ್ಟಿದೆ. “ಸರ್, ಲ್ಯಾಪ್‌ಟಾಪ್ ನಡುವೆನೇ ಬಂದ್ ಆಗ್ತದ್ರಿ, ಕೈ ಇಟ್ರ ಸುಡ್ತದ್ರಿ, ಏನ್ ಮಾಡ್ಬೇಕ್ರಿ?” ವಿಜ್ಞಾನ ಕಲಿಸಿದ ಮಾಸ್ತರನೆಂಬ ಒಂದೇ ಕಾರಣಕ್ಕೆ ಶಿಷ್ಯರು ಈ ಪ್ರಶ್ನೆಯನ್ನು ನನ್ನ ಮುಂದಿಡುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲರಿಗೂ ಒಟ್ಟಾಗಿ ಇಲ್ಲಿ ಬರೆಯುತ್ತಿದ್ದೇನೆ. ರಿಪೇರಿಯ ಮಾತನ್ನು ಆಮೇಲೆ ಆಡೋಣ. ಅದಕ್ಕೆ ಮೊದಲು ಆಡಬೇಕಾದ ನ್ಯಾಯದ ಮಾತೊಂದಿದೆ.

ಬಿಸಿಲಿಗೆ ಲ್ಯಾಪ್‌ಟಾಪ್ ಆರಿಹೋದಾಗ ನಮ್ಮಲ್ಲಿ ಮೊದಲು ಬೈಸಿಕೊಳ್ಳುವವರು ಅದನ್ನು ಬಳಸುವ ಮಕ್ಕಳು. ಆಮೇಲೆ ದಂಡ ತೆರುವವರು ಅವರ ತಂದೆತಾಯಿಗಳು. ಈ ಯಂತ್ರ ಎಷ್ಟು ಬಿಸಿಲನ್ನು ತಾಳಬಲ್ಲದೆಂಬುದು ಗೊತ್ತಿದ್ದೂ ಗಟ್ಟಿಯಾಗಿ ಹೇಳದೆ ಮಾರಿದವರನ್ನಾಗಲಿ, ಅದನ್ನು ವಿಚಾರಿಸದೆ ನೂರುಗಟ್ಟಲೆ ಕೊಂಡ ಸಂಸ್ಥೆಗಳನ್ನಾಗಲಿ ಯಾರೂ ಏನೂ ಕೇಳುವುದಿಲ್ಲ. ಹೊಣೆಯ ಈ ಸರದಿ ತಲೆಕೆಳಗಾಗಿದೆ. ಅದನ್ನು ನೆಟ್ಟಗೆ ನಿಲ್ಲಿಸಬೇಕೆಂಬುದೇ ನನ್ನ ವಾದ.

ನಮ್ಮ ಜಗತ್ ವೃತ್ತದ ಸುತ್ತಮುತ್ತ, ಸುಪರ್ ಮಾರ್ಕೆಟ್ ಕಡೆ, ನಾಲ್ಕಾರು ಅಂಗಡಿಗಳಿಗೆ ಈ ತೊಂದರೆಯನ್ನು ಹೊತ್ತುಕೊಂಡು ಹೋಗಿ ನೋಡಿ. ಉತ್ತರಗಳು ಬಹುಮಟ್ಟಿಗೆ ಮೂರೇ. ಒಂದು, “ಮದರ್‌ಬೋರ್ಡ್ ಹೋಗ್ಯಾದ್ರಿ.” ಎರಡು, “ಹುಡುಗರು ಗೇಮ್ ಆಡಿ ಆಡಿ ಕೆಡಿಸ್ಯಾರ್ರಿ.” ಮೂರು, “ಹಳೇದಾಗ್ಯಾದ, ಹೊಸದು ತಗೊಂಡ್ಬಿಡ್ರಿ.” ಯಂತ್ರದ ಹಿಂದಿನ ತಿರುಪುಗಳನ್ನು ಬಿಚ್ಚಿ ಒಳಗೆ ನೋಡುವ ಮುನ್ನವೇ ಈ ತೀರ್ಪುಗಳು ಹೊರಬೀಳುತ್ತವೆ. ನಾಡಿ ಹಿಡಿಯದೆ ಔಷಧ ಬರೆಯುವ ವೈದ್ಯನನ್ನು ನಾವು ನಂಬುತ್ತೇವೆಯೇ? ಇಲ್ಲಿ ಮಾತ್ರ ನಂಬುತ್ತೇವೆ. ಏಕೆಂದರೆ ಒಳಗಿರುವುದು ಏನೆಂಬುದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದರ ಮುಂದೆ ಸಾಮಾನ್ಯ ಮನುಷ್ಯ ತಲೆ ತಗ್ಗಿಸುತ್ತಾನೆ.

ಆದ್ದರಿಂದ ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಎಂಟನೆಯ ತರಗತಿಯ ವಿಜ್ಞಾನ ಇದಕ್ಕೆ ಸಾಕು.

ಲ್ಯಾಪ್‌ಟಾಪಿನ ಮಿದುಳು ಅದರ ಪ್ರೊಸೆಸರ್. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಆ ಬಿಲ್ಲೆ ಕೆಲಸ ಮಾಡುವಾಗ ಸಾಮಾನ್ಯವಾಗಿ 15ರಿಂದ 45 ವ್ಯಾಟ್‌ವರೆಗೆ ವಿದ್ಯುತ್ತನ್ನು ತಿನ್ನುತ್ತದೆ, ತಿಂದದ್ದೆಲ್ಲವನ್ನೂ ಕೊನೆಗೆ ಶಾಖವಾಗಿ ಹೊರಹಾಕುತ್ತದೆ. ಹಿಂದೆ ರೇಡಿಯೋ ರಿಪೇರಿ ಮಾಡುವವರು ಸೀಸ ಕರಗಿಸಲು ಬಳಸುತ್ತಿದ್ದ ಬೆಸುಗೆಯ ಕಡ್ಡಿಯೂ 25 ವ್ಯಾಟ್‌ನದೇ. ಅಂದರೆ ನಾವು ತೊಡೆಯ ಮೇಲಿಟ್ಟುಕೊಂಡು ಟೈಪು ಮಾಡುವ ಯಂತ್ರದೊಳಗೆ ಒಂದು ಬೆಸುಗೆಯ ಕಡ್ಡಿ ಸದಾ ಉರಿಯುತ್ತಿರುತ್ತದೆ. ಆ ಶಾಖವನ್ನು ಹೊರಗೆ ಸಾಗಿಸಲು ಒಂದು ತಾಮ್ರದ ಕೊಳವೆ, ಅದರ ತುದಿಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ನಿಂತ ಲೋಹದ ತೆಳು ಹಾಳೆಗಳು, ಅವುಗಳ ನಡುವೆ ಗಾಳಿ ನುಗ್ಗಿಸುವ ಅಂಗೈಗಿಂತ ಚಿಕ್ಕದಾದ ಒಂದು ಫ್ಯಾನು. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ಸಂದು ಉಳಿಯದಂತೆ ಹಚ್ಚಿದ ಒಂದು ಬಗೆಯ ಲೇಪ. ಅದಕ್ಕೆ ಥರ್ಮಲ್ ಪೇಸ್ಟ್ ಎನ್ನುತ್ತಾರೆ. ಇಷ್ಟೇ ಅದರ ತಂಪಿನ ವ್ಯವಸ್ಥೆ.

ಪ್ರೊಸೆಸರ್‌ಗೆ ಒಂದು ಮಿತಿಯಿದೆ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಶಾಖ ಆ ಮಿತಿಯ ಹತ್ತಿರ ಬಂದಾಗ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. “ಮಧ್ಯಾಹ್ನ ಆಯ್ತಂದ್ರ ಸ್ಲೋ ಆಗ್ತದ್ರಿ” ಎಂದು ನೀವು ಹೇಳುವುದು ಇದನ್ನೇ. ವೇಗ ತಗ್ಗಿಸಿದ ಮೇಲೂ ಶಾಖ ಇಳಿಯದಿದ್ದರೆ ವಿದ್ಯುತ್ತನ್ನು ಕಡಿದುಕೊಂಡು ಆರಿಹೋಗುತ್ತದೆ. ಇದು ಕೆಡುಕಲ್ಲ, ಕಾವಲು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಅಂತರ್ಜಾಲ ಪತ್ರಿಕೆ, ಚಾಲೂ ಇದ್ದ ಕೆಲವು ಪ್ರೊಸೆಸರ್‌ಗಳ ಮೇಲಿನ ಲೋಹದ ಹೊದಿಕೆಯನ್ನು ಕಿತ್ತು ಪರೀಕ್ಷಿಸಿತ್ತು. ಈ ಕಾವಲು ಇದ್ದ ಪೆಂಟಿಯಂ 4 ನಿಧಾನವಾಯಿತೇ ಹೊರತು ಬದುಕಿಕೊಂಡಿತು. ಅಂದಿನ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸುಟ್ಟಿತು. ಇಂದಿನ ಯಂತ್ರಗಳಲ್ಲೆಲ್ಲ ಇಂಥ ಕಾವಲು ಇದ್ದೇ ಇದೆ. ಬಿಸಿಲಿನಲ್ಲಿ ನಡೆದವನು ತಲೆಸುತ್ತು ಬಂದು ನೆರಳಿಗೆ ಕುಳಿತರೆ ಅವನಿಗೆ ಹುಚ್ಚು ಹಿಡಿದಿದೆ ಎನ್ನುವುದಿಲ್ಲವಲ್ಲ! ಆರಿಹೋಗಿ, ಅರ್ಧ ಗಂಟೆಯ ನಂತರ ಏನೂ ಆಗಿಲ್ಲವೆಂಬಂತೆ ಎದ್ದು ಕೂರುವ ಲ್ಯಾಪ್‌ಟಾಪಿಗೆ “ಮದರ್‌ಬೋರ್ಡ್ ಹೋಗ್ಯಾದ” ಎಂಬ ತೀರ್ಪು ಅದೇ ಜಾತಿಯದು.

ಈಗ ಲೆಕ್ಕಕ್ಕೆ ಬನ್ನಿ. ನ್ಯೂಟನ್ನನ ಶೀತಲೀಕರಣ ನಿಯಮವನ್ನು ನಿಮ್ಮಲ್ಲಿ ಹಲವರು ಬಾಯಿಪಾಠ ಮಾಡಿ ಒಪ್ಪಿಸಿದ್ದೀರಿ. ಪರೀಕ್ಷೆಯಾಚೆಗೆ ಅದು ಉಪಯೋಗಕ್ಕೆ ಬರುವ ದಿನ ಇದು. ಬಿಸಿ ವಸ್ತುವಿನಿಂದ ಶಾಖ ಹೊರಹೋಗುವ ವೇಗವು ಆ ವಸ್ತುವಿಗೂ ಸುತ್ತಲ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ. ಕೋಣೆ 25 ಡಿಗ್ರಿ ಇದ್ದರೆ, 100 ಡಿಗ್ರಿಯ ಮಿತಿಗೂ ಗಾಳಿಗೂ ನಡುವಿನ ಅಂತರ 75. ಕೋಣೆ 43 ಇದ್ದರೆ ಅಂತರ 57 ಮಾತ್ರ. 75ರ ಕೆಲಸವನ್ನು 57 ಮಾಡಬೇಕು. ಅಂದರೆ ಅದೇ ಫ್ಯಾನು, ಅದೇ ತಾಮ್ರ, ಅದೇ ವೇಗ ಇದ್ದರೂ ನಮ್ಮೂರಿನ ಮೇ ತಿಂಗಳಿನಲ್ಲಿ ಯಂತ್ರದ ತಂಪಿನ ಶಕ್ತಿ ಸುಮಾರು ಕಾಲು ಭಾಗ ಕಳೆದುಹೋಗುತ್ತದೆ. ಇದರಲ್ಲಿ ಹುಡುಗರ ತಪ್ಪೇನಿದೆ? ಗೇಮ್ ಆಡಲಿ, ಗಣಿತವನ್ನೇ ಮಾಡಲಿ, ಕಳೆದುಹೋದ ಆ ಕಾಲು ಭಾಗ ತಿರುಗಿ ಬರುವುದಿಲ್ಲ.

ತಯಾರಕರಿಗೆ ಇದು ತಿಳಿಯದ ಸಂಗತಿಯಲ್ಲ. ಅವರೇ ಅದನ್ನು ಬರೆದೂ ಇದ್ದಾರೆ. ಆಪಲ್ ಕಂಪನಿ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿಯ ವಾತಾವರಣದಲ್ಲಿ ಬಳಸಬೇಕೆಂದು ಪ್ರಕಟಿಸಿದೆ. ಉಳಿದ ಹೆಸರಾಂತ ಕಂಪನಿಗಳ ಸಾಮಾನ್ಯ ಲ್ಯಾಪ್‌ಟಾಪ್‌ಗಳ ತಾಂತ್ರಿಕ ವಿವರಗಳಲ್ಲಿಯೂ ಮೇಲಿನ ಮಿತಿ ಬಹುಮಟ್ಟಿಗೆ ಅದೇ 35. ಈ ಅಂಕಿ ಎಲ್ಲಿರುತ್ತದೆ? ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ. ಅಂಗಡಿಯ ಫಲಕದಲ್ಲಿಯೂ ಇರುವುದಿಲ್ಲ. ಪರದೆಯ ಅಳತೆ, ನೆನಪಿನ ಸಾಮರ್ಥ್ಯ, ತೂಕ, ಬಣ್ಣ ಎಲ್ಲವನ್ನೂ ಸಾರಿದ ಮೇಲೆ, ಯಾರೂ ತೆರೆಯದ ಪುಟದ ಅಡಿಯಲ್ಲಿ ಅದು ತಣ್ಣಗೆ ಮಲಗಿರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ 35 ಎಂಬುದು ಬೆಳಗಿನ ಚಹಾ ಮುಗಿಸಿ ಪತ್ರಿಕೆ ಓದುವ ಹೊತ್ತಿನ ಉಷ್ಣತೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ 40 ದಾಟುವುದು ಸುದ್ದಿಯೇ ಅಲ್ಲ. ಹಾಗಾದರೆ ವರ್ಷದ ಹಲವು ವಾರಗಳ ನಡುಹಗಲು ನಾವು ಬಳಸುತ್ತಿರುವುದು, ಅದರ ತಯಾರಕರೇ ‘ಇಲ್ಲಿ ಬಳಸಬೇಡಿ’ ಎಂದಿರುವ ಯಂತ್ರವನ್ನು. ಅದನ್ನೇ ಅವರು ಇಲ್ಲಿಯೇ ಅಂಗಡಿ ತೆರೆದು ಮಾರುತ್ತಾರೆ!

“ಯಂತ್ರಕ್ಕೆ ಊರು ನೋಡಿ ದರ್ಜೆ ಕೊಡಲಾದೀತೇ ಮಾಸ್ತರ್?” ಎಂದು ಇಂಜಿನಿಯರಾದ ನನ್ನ ಶಿಷ್ಯನೊಬ್ಬ ಕೇಳಿದ. ಆದೀತು, ಆಗಿದೆ ಕೂಡ. ನಿಮ್ಮ ಮನೆಯ ಫ್ರಿಜ್ಜಿನ ವಿವರದ ಚೀಟಿಯನ್ನು ಓದಿರಿ. ಅಂತರರಾಷ್ಟ್ರೀಯ ಮಾನಕದಲ್ಲಿ ಫ್ರಿಜ್‌ಗಳಿಗೆ ಹವಾಮಾನದ ದರ್ಜೆಗಳಿವೆ. ‘ಎನ್’ ದರ್ಜೆಯದು 32 ಡಿಗ್ರಿಯವರೆಗೆ, ‘ಎಸ್‌ಟಿ’ ದರ್ಜೆಯದು 38ರವರೆಗೆ, ಉಷ್ಣವಲಯಕ್ಕೆಂದೇ ಇರುವ ‘ಟಿ’ ದರ್ಜೆಯದು 43ರವರೆಗೆ ಕೆಲಸ ಮಾಡಬೇಕು. ಹಾಲು, ಮೊಸರು ಕೆಡದಿರಲೆಂದು ಜಗತ್ತು ಇಷ್ಟು ಯೋಚಿಸಿದೆ. ಒಂದು ಹುಡುಗಿಯ ಪರೀಕ್ಷೆ ಕೆಡದಿರಲೆಂದು ಅಷ್ಟು ಯೋಚಿಸಬಾರದೇ? ಇನ್ನು ತಂತ್ರಜ್ಞಾನವೇ ಇಲ್ಲವೆನ್ನುವಂತೆಯೂ ಇಲ್ಲ. ಸೈನ್ಯ, ಪೊಲೀಸು, ಗಣಿಗಳಿಗಾಗಿ ಸುಡುಬಿಸಿಲಿನಲ್ಲಿಯೂ ನಡೆಯುವ ಲ್ಯಾಪ್‌ಟಾಪ್‌ಗಳು ದಶಕಗಳಿಂದ ಇವೆ. ಪ್ಯಾನಾಸೋನಿಕ್ ಕಂಪನಿಯ ಟಫ್‌ಬುಕ್ 1996ರಷ್ಟು ಹಿಂದಿನದು. ಅಷ್ಟು ದುಬಾರಿಯ ಯಂತ್ರವನ್ನು ನಾನು ಕೇಳುತ್ತಿಲ್ಲ. 45 ಡಿಗ್ರಿಯಲ್ಲಿ ಬರೆಯುವ, ಓದುವ, ಪರೀಕ್ಷೆ ಕೊಡುವ ಕೆಲಸ ನಿಲ್ಲದಿರಲಿ ಎನ್ನುತ್ತಿದ್ದೇನೆ. ಅದಕ್ಕೆ ಬೇಕಾದದ್ದು ತುಸು ದಪ್ಪನೆಯ ಮೈ, ತುಸು ದೊಡ್ಡ ಫ್ಯಾನು, ಸುಲಭವಾಗಿ ಬಿಚ್ಚಿ ಧೂಳು ತೆಗೆಯಬಹುದಾದ ಒಂದು ಮುಚ್ಚಳ.

ಆದರೆ ದಪ್ಪ ಮೈ ಎಂದರೆ ಈ ವ್ಯಾಪಾರಕ್ಕೆ ಆಗದು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಚೇರಿಯ ಲಕೋಟೆಯೊಳಗಿನಿಂದ ಲ್ಯಾಪ್‌ಟಾಪನ್ನು ಹೊರತೆಗೆದು ತೋರಿಸಿದ ಮೇಲೆ ತೆಳ್ಳಗಿರುವುದೇ ಶ್ರೇಷ್ಠತೆಯ ಅಳತೆಯಾಯಿತು. ತಂಪು ದೇಶದ ಕಚೇರಿಗೆ ಅದು ಒಪ್ಪುತ್ತದೆ. ನಮಗೆ ಲಕೋಟೆಯಲ್ಲಿ ಹಿಡಿಸುವ ಯಂತ್ರದಿಂದ ಏನಾಗಬೇಕಾಗಿದೆ? ನಮ್ಮ ಮಕ್ಕಳು ಅದನ್ನು ಚೀಲದಲ್ಲಿ ಒಯ್ಯುತ್ತಾರೆ. ಕಮಲಾಪುರದ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಾರೆ.

ಕಮಲಾಪುರದ ಹೆಸರು ಬಂದಿತು. ಅಲ್ಲಿಯ ಒಂದು ಸಂಗತಿಯನ್ನು ಹೇಳಲೇಬೇಕು. ಬಂಧುಗಳಲ್ಲಿ ಕೆಲವರಿಗೆ ಇದು ಗೊತ್ತೇ ಇದೆ. ನನ್ನ ತಂಗಿಯ ಮೊಮ್ಮಗಳು ಪದವಿ ಮುಗಿಸಿ ಒಂದು ಕಂಪನಿಯ ನೇಮಕಾತಿ ಪರೀಕ್ಷೆಗೆ ಕುಳಿತಳು. ಪರೀಕ್ಷೆ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ, ಕ್ಯಾಮೆರಾ ಕಾಯುತ್ತಿರುತ್ತದೆ. ಮೇ ತಿಂಗಳು, ಮಧ್ಯಾಹ್ನ 2 ಗಂಟೆ, ತಗಡಿನ ಮಾಡಿನ ಕೋಣೆ. ಫ್ಯಾನಿನ ಸದ್ದು ಪರೀಕ್ಷೆಗೆ ಅಡ್ಡಿಯಾದೀತೆಂದು ಕೂಲರನ್ನೂ ಬಂದ್ ಮಾಡಿದ್ದಳು. ಮೂವತ್ತು ನಿಮಿಷಕ್ಕೆ ಒಮ್ಮೆ ಯಂತ್ರ ಆರಿತು. ಮತ್ತೆ ಹಚ್ಚಿದಳು, ಹತ್ತು ನಿಮಿಷಕ್ಕೆ ಮತ್ತೆ ಆರಿತು. ಮೂರನೆಯ ಸಲ ಒಳಗೆ ಹೋಗಲು ನೋಡಿದಾಗ ಪರದೆಯ ಮೇಲೆ ಬಂದ ಸಂದೇಶ: ನೀವು ಪರೀಕ್ಷೆಯ ನಿಯಮವನ್ನು ಉಲ್ಲಂಘಿಸಿದ್ದೀರಿ. ಅಲ್ಲಿಗೆ ಮುಗಿಯಿತು. ಮನವಿ ಬರೆದಳು, ಉತ್ತರ ಬರಲಿಲ್ಲ. ಮನೆಯಲ್ಲಿ ಅವಳ ತಂದೆ, “ರಾತ್ರಿಯೆಲ್ಲ ಸಿನಿಮಾ ನೋಡಿ ಹಾಳ್ ಮಾಡಿಟ್ಟಿದ್ದಿ” ಎಂದು ಗದರಿದ. ನಗರದ ಅಂಗಡಿಯೊಂದರಲ್ಲಿ ಮದರ್‌ಬೋರ್ಡಿಗೆ ಹದಿನಾಲ್ಕು ಸಾವಿರ ಎಂದರು.

ಅದೃಷ್ಟಕ್ಕೆ, ಜಗತ್ ಹಿಂದಿನ ಒಂದು ಇಕ್ಕಟ್ಟಿನ ಓಣಿಯಲ್ಲಿ ರಿಪೇರಿ ಮಾಡಿಕೊಂಡಿರುವ ಒಬ್ಬ ತರುಣನ ಕೈಗೆ ಆ ಯಂತ್ರ ಸಿಕ್ಕಿತು. ಅವನು ನಮ್ಮೆದುರಿಗೇ ತಿರುಪು ಬಿಚ್ಚಿದ. ಫ್ಯಾನಿಗೂ ಆ ಲೋಹದ ಬಾಚಣಿಗೆಗೂ ನಡುವೆ ಕಂಬಳಿಯ ತುಂಡಿನಂಥ ಧೂಳು ಹೆಪ್ಪುಗಟ್ಟಿ ಕುಳಿತಿತ್ತು; ಚಿಮುಟದಿಂದ ಎತ್ತಿದಾಗ ಒಂದೇ ಹೊದಿಕೆಯಾಗಿ ಎದ್ದು ಬಂತು. ಥರ್ಮಲ್ ಪೇಸ್ಟ್ ಒಣಗಿ ಹಪ್ಪಳವಾಗಿತ್ತು. ಧೂಳು ತೆಗೆದು ಹೊಸ ಲೇಪ ಹಚ್ಚಿ ಐದುನೂರು ರೂಪಾಯಿ ತೆಗೆದುಕೊಂಡ. ಯಂತ್ರ ಇವತ್ತಿಗೂ ನಡೆಯುತ್ತಿದೆ. ಹೋದದ್ದು ಆ ಹುಡುಗಿಯ ಪರೀಕ್ಷೆ. ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಇದರಲ್ಲಿ ಎಷ್ಟು ಜನರ ಹೊಣೆಯಿದೆಯೆಂದು ಎಣಿಸಿ. 35ರ ಮಿತಿಯ ಯಂತ್ರವನ್ನು ಬಾಯಿಬಿಡದೆ ಮಾರಿದವರು ಒಬ್ಬರು. ಬಿಚ್ಚಿ ನೋಡದೆ ಹದಿನಾಲ್ಕು ಸಾವಿರ ಕೇಳಿದವರು ಇನ್ನೊಬ್ಬರು. ಬೇಸಿಗೆಯ ನಡುಮಧ್ಯಾಹ್ನಕ್ಕೆ ಪರೀಕ್ಷೆ ಇಟ್ಟು, ಯಂತ್ರ ಆರಿದ್ದಕ್ಕೂ ಹುಡುಗಿ ಎದ್ದುಹೋದದ್ದಕ್ಕೂ ವ್ಯತ್ಯಾಸ ಕಾಣದವರು ಮತ್ತೊಬ್ಬರು. ಈ ಮೂವರಿಗೂ ಒಂದು ಪೈಸೆಯ ನಷ್ಟವಿಲ್ಲ. ನಷ್ಟವೆಲ್ಲ ತಗಡಿನ ಮಾಡಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕುಳಿತವಳಿಗೆ.

ಬಿಸಿಲಿಗೆ ರಿಯಾಯಿತಿ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವೇ ಎಂದರೆ, ಇದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ, ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಆದೇಶ ಬರುವುದನ್ನು ನೀವೆಲ್ಲ ಬಲ್ಲಿರಿ. ಅದು ಒಳ್ಳೆಯ ಪದ್ಧತಿ; ಮನುಷ್ಯರಿಗೆ ಬೇಕಾದದ್ದು. ಆ ಆದೇಶದ ಅರ್ಥವೇನು? ಈ ಭಾಗದ ನಡುಹಗಲು ಬೆಂಗಳೂರಿನ ನಡುಹಗಲಿನಂತಲ್ಲ ಎಂದು ಸರಕಾರವೇ ಸಹಿ ಹಾಕಿ ಒಪ್ಪಿಕೊಂಡಂತೆ. ಗುಮಾಸ್ತರಿಗೆ ಒಪ್ಪುವ ಈ ಸತ್ಯ, ಗುಮಾಸ್ತರ ಮೇಜಿನ ಮೇಲಿನ ಗಣಕಯಂತ್ರವನ್ನು ಕೊಳ್ಳುವ ಟೆಂಡರಿಗೆ ಏಕೆ ಒಪ್ಪುವುದಿಲ್ಲ? ಮಕ್ಕಳಿಗೆ ಪರೀಕ್ಷೆ ಇಡುವ ವೇಳಾಪಟ್ಟಿಗೆ ಏಕೆ ಒಪ್ಪುವುದಿಲ್ಲ? ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ ಕುಳಿತು ಬರೆಯುವ ನಿಯಮಗಳು, ಅದರ ಅರ್ಧ ಎತ್ತರದ ಈ ಬಯಲಿಗೂ ಹಾಗೆಯೇ ಹೊಂದುತ್ತವೆಯೇ?

ಈ ಭಾಗಕ್ಕೆ ವಿಶೇಷ ಗಮನ ಬೇಕೆಂದು ಸಂವಿಧಾನಕ್ಕೆ 371ಜೆ ವಿಧಿಯೇ ಸೇರಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಎಂದಾಯಿತು. ಹೆಸರು ಬದಲಾದದ್ದಕ್ಕೆ ನಾನೂ ಸಂತೋಷಪಟ್ಟವನೇ. ಆದರೆ ಕಲ್ಯಾಣವೆಂಬುದು ಇಂಥ ಸಣ್ಣ ಸಾಲುಗಳಲ್ಲಿ ಇರುತ್ತದೆ: ಪ್ರದೇಶಾಭಿವೃದ್ಧಿ ಮಂಡಳಿಯಾಗಲಿ, ವಿಶ್ವವಿದ್ಯಾಲಯವಾಗಲಿ, ಕಾಲೇಜಾಗಲಿ, ಈ ಏಳು ಜಿಲ್ಲೆಗಳಿಗೆ ಕೊಳ್ಳುವ ಪ್ರತಿಯೊಂದು ಗಣಕಯಂತ್ರದ ಟೆಂಡರಿನಲ್ಲಿ, “45 ಡಿಗ್ರಿಯ ವಾತಾವರಣದಲ್ಲಿ ನಿಲ್ಲದೆ ನಡೆಯಬೇಕು, ವರ್ಷಕ್ಕೊಮ್ಮೆ ಧೂಳು ತೆಗೆದು ಕೊಡಬೇಕು” ಎಂದು ಬರೆದರೆ ಸಾಕು. ಒಬ್ಬ ತಂದೆ ಒಂದು ಲ್ಯಾಪ್‌ಟಾಪು ಕೊಳ್ಳಲು ಹೋದಾಗ ಕಂಪನಿ ಅವನ ಮಾತನ್ನು ಕೇಳುವುದಿಲ್ಲ. ಸಾವಿರ ಕೊಳ್ಳುವ ಇಲಾಖೆಯ ಮಾತನ್ನು ಕೇಳುತ್ತದೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಕೇಳಿದ್ದೇನೆ. “ಏಸಿ ಹಾಕಿಸಿಕೊಂಡರೆ ಮುಗಿಯಿತು” ಎನ್ನುತ್ತಾರೆ, ಏಸಿ ಇರುವವರು. ಯಂತ್ರದ ಬೆಲೆಯಷ್ಟೇ ಹಣ ಕೊಟ್ಟು ಯಂತ್ರಕ್ಕೊಂದು ತಂಪಿನ ಕೋಣೆ ಕಟ್ಟಬೇಕೆಂದರೆ, ಆನೆಗಿಂತ ಅಂಬಾರಿಯದೇ ಭಾರವಾಯಿತು. ಕರೆಂಟು ಹೋದಾಗ ಏಸಿಯೂ ಇಲ್ಲ. “ಬೆಲೆ ಹೆಚ್ಚಿನದನ್ನು ಕೊಂಡರೆ ಈ ತೊಂದರೆಯಿಲ್ಲ” ಎನ್ನುತ್ತಾರೆ ಇನ್ನು ಕೆಲವರು. ಆ 35ರ ಮಿತಿ ಲಕ್ಷ ರೂಪಾಯಿಯ ಯಂತ್ರಗಳ ಮೇಲೂ ಇದೆಯೆಂಬುದನ್ನು ಅವರು ಓದಿಲ್ಲ. “ಬಳಸುವವರು ಜೋಪಾನ ಮಾಡಬೇಕು” ಎಂಬ ಮೂರನೆಯ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಜೋಪಾನ ಕಲಿಸಬೇಕು. ಆದರೆ ಜೋಪಾನ ಮಾಡುವ ಬಗೆಯನ್ನು ಹೇಳಿಕೊಡದೆ, ಮುಚ್ಚಳ ತೆರೆಯಲು ಬಾರದಂತೆ ಯಂತ್ರವನ್ನು ಮಾಡಿಟ್ಟು, ಆಮೇಲೆ ಜೋಪಾನ ಮಾಡಲಿಲ್ಲವೆಂದು ಹಂಗಿಸುವುದು ಧರ್ಮವಲ್ಲ.

ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟುವುದು ಈ ನೆಲಕ್ಕೆ ಹೊಸದೂ ಅಲ್ಲ. ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯನ್ನು ನೋಡಿದ್ದೀರಿ; ಪ್ರವಾಸಕ್ಕೆಂದು ನಾನೇ ನಿಮ್ಮನ್ನು ಸಾಲಾಗಿ ನಿಲ್ಲಿಸಿ ಕರೆದೊಯ್ದಿದ್ದೇನೆ. ಇತರ ಮಸೀದಿಗಳಲ್ಲಿರುವಂಥ ತೆರೆದ ಅಂಗಳ ಅಲ್ಲಿಲ್ಲ. ಇಡಿಯ ಜಾಗಕ್ಕೆ ಗುಮ್ಮಟಗಳ ಮಾಡು, ಬದಿಗಳಲ್ಲಿ ತೆರೆದ ಕಮಾನುಗಳು. ಮೇ ತಿಂಗಳ ಮಧ್ಯಾಹ್ನ ಒಳಗೆ ನಿಂತರೆ ಮೇಲೆ ನೆರಳು, ಪಕ್ಕದಿಂದ ಗಾಳಿ. ನಮ್ಮ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ, ಶಹಾಬಾದ್ ಫರ್ಸಿಯ ನೆಲ, ಎತ್ತರದ ಗವಾಕ್ಷಿ ಇವೂ ಅದೇ ಪಾಠವನ್ನು ಹೇಳುತ್ತವೆ. ನೆರಳಿರಬೇಕು, ಗಾಳಿಗೆ ಒಂದು ಒಳದಾರಿ, ಒಂದು ಹೊರದಾರಿ ಇರಬೇಕು. ಲ್ಯಾಪ್‌ಟಾಪಿಗೆ ಬೇಕಾದದ್ದೂ ಇಷ್ಟೇ. ನಾವಾದರೋ ಪಶ್ಚಿಮಕ್ಕೆ ಗಾಜಿನ ಕಿಟಕಿಯಿಟ್ಟು, ಕಾಂಕ್ರೀಟಿನ ಮಾಡಿನ ಕೆಳಗೆ ಮೂವತ್ತು ಯಂತ್ರಗಳನ್ನು ಒತ್ತಾಗಿ ಜೋಡಿಸಿ, ಧೂಳು ಬರುತ್ತದೆಂದು ಕಿಟಕಿ ಮುಚ್ಚಿ, ಅದಕ್ಕೆ ಗಣಕ ಪ್ರಯೋಗಾಲಯವೆಂದು ಹೆಸರಿಡುತ್ತೇವೆ.

ಇನ್ನು ರಿಪೇರಿಯ ಮಾತು. ಕಂಪನಿ, ಸರಕಾರ ಎಚ್ಚರವಾಗುವವರೆಗೆ ನಿಮ್ಮ ಯಂತ್ರ ಕಾಯಲಾರದು.

ಮೊದಲು, ಕಾರಣ ಬಿಸಿಯೇ ಹೌದೋ ಎಂದು ಖಚಿತಪಡಿಸಿಕೊಳ್ಳಿ. ಆರುವ ಮುನ್ನ ಫ್ಯಾನು ಜೋರಾಗಿ ಕೂಗಿ, ಯಂತ್ರ ನಿಧಾನವಾಗಿ, ತಳ ಸುಡುತ್ತಿದ್ದರೆ ಬಿಸಿಯ ಅನುಮಾನ ಬಲವಾದದ್ದು. ತಣ್ಣಗಿರುವಾಗಲೇ ಆರಿದರೆ, ಚಾರ್ಜರಿನ ತಂತಿ ಅಲುಗಿಸಿದಾಗ ಆರಿದರೆ, ಬ್ಯಾಟರಿ ಅರ್ಧ ಇರುವಾಗಲೇ ಪಕ್ಕನೆ ಸತ್ತರೆ, ದೋಷ ಬ್ಯಾಟರಿಯಲ್ಲೋ ಚಾರ್ಜರಿನಲ್ಲೋ ಇರಬಹುದು. ಪ್ರೊಸೆಸರಿನ ಉಷ್ಣತೆಯನ್ನು ತೋರಿಸುವ ಪುಕ್ಕಟೆ ತಂತ್ರಾಂಶಗಳಿವೆ. ಒಂದನ್ನು ಹಾಕಿಕೊಂಡು, ಆರುವ ಮುನ್ನ ಅಂಕಿ 95, 100ರ ಹತ್ತಿರ ಹೋಗುವುದೋ ನೋಡಿ ಬರೆದಿಡಿ. ಅಂಗಡಿಗೆ ಹೋಗುವಾಗ ಆ ಅಂಕಿ ಕೈಯಲ್ಲಿರಲಿ. ಅಂಕಿ ಹಿಡಿದುಕೊಂಡು ಬಂದ ಗಿರಾಕಿಗೆ ಸುಳ್ಳು ಹೇಳುವುದು ಕಷ್ಟ.

ಹಾಸಿಗೆ, ಕೌದಿ, ದಿಂಬುಗಳ ಮೇಲೆ ಲ್ಯಾಪ್‌ಟಾಪನ್ನು ಇಡಬೇಡಿ. ಅದರ ಮೂಗು ಬಹುಮಟ್ಟಿಗೆ ತಳದಲ್ಲಿರುತ್ತದೆ. ಕೌದಿಯ ಮೇಲಿಟ್ಟರೆ ಮೂಗು ಮುಚ್ಚಿದಂತೆ. ಸಮತಟ್ಟಾದ ಮೇಜು ಅಥವಾ ಶಹಾಬಾದ್ ಫರ್ಸಿಯ ಒಂದು ತುಂಡು ಎಲ್ಲಕ್ಕಿಂತ ಮೇಲು. ಹಿಂಬದಿಯ ಎರಡು ಮೂಲೆಗಳಿಗೆ ಬೆರಳುದ್ದದ ಮರದ ತುಂಡು ಕೊಟ್ಟು ಎತ್ತರಿಸಿದರೆ ಗಾಳಿ ಸಲೀಸಾಗಿ ಆಡುತ್ತದೆ. ವಿಂಡೋಸ್ ಇರುವವರು ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟ ಸಿಗುವುದಾದರೆ ಅದನ್ನು 100ರಿಂದ 99ಕ್ಕೆ ಇಳಿಸಿ ನೋಡಿ. ಬಹುತೇಕ ಯಂತ್ರಗಳಲ್ಲಿ ಅಷ್ಟರಿಂದಲೇ ಪ್ರೊಸೆಸರಿನ ಅತಿವೇಗದ ಓಟ ನಿಂತು ಶಾಖ ಗಣನೀಯವಾಗಿ ಇಳಿಯುತ್ತದೆ. ಬರವಣಿಗೆ, ಪಾಠ, ಪರೀಕ್ಷೆಗಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಬೇಗ ತಣ್ಣಗಾಗಲೆಂದು ಫ್ರಿಜ್ಜಿನಲ್ಲಿ ಇಡುವ ಸಾಹಸ ಬೇಡವೇ ಬೇಡ. ಹೊರತೆಗೆದಾಗ ಒಳಗೆಲ್ಲ ಹನಿಗಟ್ಟಿ ಯಂತ್ರ ನಿಜಕ್ಕೂ ಸಾಯುತ್ತದೆ. ಕೂಲರಿನ ಗಾಳಿ ಕೋಣೆಗೆ ಬರಲಿ. ನೀರಿನ ತುಂತುರು ನೇರವಾಗಿ ಯಂತ್ರದ ಮೇಲೆ ಬೀಳದಿರಲಿ.

ವರ್ಷಕ್ಕೊಮ್ಮೆ, ಶಿವರಾತ್ರಿಯ ಸುಮಾರಿಗೆ, ಬೇಸಿಗೆ ಏರುವ ಮುನ್ನ ಧೂಳು ತೆಗೆಸಿ. ತೊಗರಿಯ ಕಣಜವೆನಿಸಿದ ಈ ನಾಡಿನಲ್ಲಿ ದಾಲ್ ಮಿಲ್ಲುಗಳ ಹೊಟ್ಟಿನ ಧೂಳು, ಎರೆಮಣ್ಣಿನ ಧೂಳು, ರಸ್ತೆಯ ಧೂಳು ಎಲ್ಲಕ್ಕೂ ಆ ಚಿಕ್ಕ ಫ್ಯಾನೇ ಗುರಿ. ವಾರಂಟಿ ಇದ್ದರೆ ಕಂಪನಿಯ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಿ; ಮುಗಿದಿದ್ದರೆ ನಿಮ್ಮೆದುರಿಗೇ ಬಿಚ್ಚುವವರ ಬಳಿಗೆ ಹೋಗಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ಗಿರ್ರನೆ ತಿರುಗದಂತೆ ಹಿಡಿದುಕೊಳ್ಳಬೇಕು. ಎರಡು ಮೂರು ವರ್ಷ ಹಳೆಯದಾಗಿದ್ದರೆ ಥರ್ಮಲ್ ಪೇಸ್ಟ್ ಬದಲಿಸಲು ಹೇಳಿ. ಮದರ್‌ಬೋರ್ಡಿನ ಮಾತು ಇವೆರಡೂ ಆದ ಮೇಲೆ. ಒಂದು ಎಚ್ಚರ: ಕೀಲಿಮಣೆಯ ಭಾಗವೋ ತಳವೋ ಉಬ್ಬಿಕೊಂಡಿದ್ದರೆ ಒಳಗೆ ಬ್ಯಾಟರಿ ಊದಿರಬಹುದು. ಆಗ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬಳಕೆ ನಿಲ್ಲಿಸಿ ತಿಳಿದವರ ಕೈಗೆ ಕೊಡಿ. ಊದಿದ ಬ್ಯಾಟರಿಯಿಂದ ಬೆಂಕಿ ಹೊತ್ತಿಕೊಳ್ಳಬಲ್ಲದು.

ವಾರಂಟಿಯೊಳಗೇ ತೊಂದರೆ ಬಂದು, “ನಿಮ್ಮೂರಾಗ ಬಿಸಿಲು ಜಾಸ್ತಿ, ನಾವೇನ್ ಮಾಡ್ಲಿ” ಎಂದರೆ ಸುಮ್ಮನೆ ಹಿಂದಿರುಗಬೇಡಿ. ಆ ಮಾತನ್ನು ಬರೆದುಕೊಡಿ ಎನ್ನಿ. ನಿಮ್ಮ ದೂರನ್ನೂ ಬರಹದಲ್ಲಿ ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ಅವಧಿ ಎರಡು ವರ್ಷ. ಐದು ಲಕ್ಷದವರೆಗಿನ ಬೆಲೆಯ ವಸ್ತುವಿಗೆ ದೂರಿನ ಶುಲ್ಕವಿಲ್ಲ. ವಸ್ತುವಿನ ಗುಣಮಟ್ಟವನ್ನು ತಿಳಿದುಕೊಳ್ಳುವುದು ಗ್ರಾಹಕನ ಹಕ್ಕೆಂದೂ ಆ ಕಾಯಿದೆ ಹೇಳುತ್ತದೆ. 43 ಡಿಗ್ರಿಯ ಊರಿನಲ್ಲಿ ಮಾರುವಾಗ 35ರ ಮಿತಿಯನ್ನು ಬಾಯಿಬಿಟ್ಟು ಹೇಳದಿರುವುದು ಆ ಹಕ್ಕಿಗೆ ಸಲ್ಲುವ ಗೌರವವೇ ಎಂದು ಯಾರಾದರೊಬ್ಬರು ಆಯೋಗದ ಮುಂದೆ ನಿಂತು ಕೇಳಬೇಕು. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರಕಾರ 2022ರ ಡಿಸೆಂಬರ್ 24ರಂದು ಒಂದು ಜಾಲತಾಣವನ್ನು ತೆರೆಯಿತು. ಫ್ರಾನ್ಸ್ ದೇಶ 2021ರಲ್ಲಿಯೇ ಲ್ಯಾಪ್‌ಟಾಪು, ಮೊಬೈಲುಗಳ ಮೇಲೆ ದುರಸ್ತಿ ಎಷ್ಟು ಸುಲಭವೆಂಬುದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಅಲ್ಲಿ ದುರಸ್ತಿಗೆ ಅಂಕ ಕೊಡಬಹುದಾದರೆ, ಇಲ್ಲಿ ಬಿಸಿಲಿಗೆ ದರ್ಜೆ ಕೊಡಲು ಏನಡ್ಡಿ?

ನನ್ನ ಶಿಷ್ಯರಲ್ಲಿ ಈಗ ಎಲ್ಲ ಬಗೆಯವರೂ ಇದ್ದೀರಿ. ಕಾಲೇಜುಗಳಲ್ಲಿ ಖರೀದಿ ಸಮಿತಿಯಲ್ಲಿ ಕುಳಿತವರಿದ್ದೀರಿ; ಮುಂದಿನ ಟೆಂಡರಿನಲ್ಲಿ ಆ ಒಂದು ಸಾಲನ್ನು ಸೇರಿಸಿರಿ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೇಮಕಾತಿ ಪರೀಕ್ಷೆ ನಡೆಸುವ ಕಂಪನಿಗಳಲ್ಲಿ ಇದ್ದೀರಿ. ಬೇಸಿಗೆಯಲ್ಲಿ ಬೆಳಗಿನ 7 ಗಂಟೆಯ ಸರದಿಯನ್ನೂ ಇಡಿ ಎಂದು, ಯಂತ್ರ ಆರಿದವರಿಗೆ ಇನ್ನೊಂದು ಅವಕಾಶ ಕೊಡಿ ಎಂದು ನಿಮ್ಮ ಮೇಲಿನವರಿಗೆ ಹೇಳಿರಿ. ವಕೀಲರಿದ್ದೀರಿ, ಮೇಲೆ ಹೇಳಿದ ದೂರು ನಿಮಗಾಗಿ ಕಾದಿದೆ. ಅಂಗಡಿ ಇಟ್ಟವರಿದ್ದೀರಿ, ಗಿರಾಕಿಯ ಎದುರಿಗೇ ಮುಚ್ಚಳ ಬಿಚ್ಚಿರಿ. ತಂದೆತಾಯಿಗಳಾಗಿದ್ದೀರಿ, ಮಧ್ಯಾಹ್ನ ಯಂತ್ರ ಆರಿದಾಗ ಮಕ್ಕಳ ಮೇಲೆ ಕೂಗುವ ಮೊದಲು ಗೋಡೆಯ ಮೇಲಿನ ಉಷ್ಣತಾಮಾಪಕವನ್ನೊಮ್ಮೆ ನೋಡಿರಿ.

ಬಿಸಿಲು ನಮ್ಮದು. ಅದನ್ನು ಬದಲಿಸಲಾಗದು, ಅದಕ್ಕಾಗಿ ನಾಚಬೇಕಾದದ್ದೂ ಇಲ್ಲ. ತೊಗರಿಯನ್ನು ಬೆಳೆಸಿದ್ದು, ಕಮಲಾಪುರದ ಕೆಂಪು ಬಾಳೆಯನ್ನು ಹಣ್ಣಾಗಿಸಿದ್ದು ಈ ಬಿಸಿಲೇ. ಇಲ್ಲಿ ಮಾರುವ ವಸ್ತು ಈ ಬಿಸಿಲನ್ನು ತಾಳಬೇಕು; ತಾಳದಿದ್ದರೆ ಹಾಗೆಂದು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯಬೇಕು. ಇದಕ್ಕಿಂತ ಕಡಿಮೆಯನ್ನು ನೀವು ಒಪ್ಪಬೇಡಿ.